‘ಮೇ’ ಎಂಬ ಪದ ಕಳೆದುಕೊಂಡ ಬಲ

ನಾನು ಇಂಗ್ಲಿಷ್ ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ತರಗತಿಯಿಂದ ಹೊರಗೆ ಹೋಗಬೇಕಾದವರು ‘ಮೇ ಐ ಗೋ ಔಟ್’ ಎಂದೇ ಕೇಳಬೇಕು. ‘ಕ್ಯಾನ್’ ಎಂದರೆ ಸಾಮರ್ಥ್ಯ, ‘ಮೇ’ ಎಂದರೆ ಅನುಮತಿ. ಎರಡನ್ನೂ ಬೆರೆಸಕೂಡದು ಎಂಬುದು ನಾನು ಕಲಿತ ಮತ್ತು ಕಲಿಸಿದ ವ್ಯಾಕರಣ. ಒಮ್ಮೆ ಆರನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಕ್ಯಾನ್ ಐ ಗೋ ಔಟ್” ಎಂದ. “ಹೋಗಲು ಕಾಲುಗಳಿವೆಯಲ್ಲಪ್ಪ! ಸರಿಯಾಗಿ ಕೇಳು” ಎಂದೆ. ಗಾಬರಿಯಲ್ಲಿ ಅವನಿಗೆ ಪದ ಹೊಳೆಯಲಿಲ್ಲ. ನಿಂತಲ್ಲಿಯೇ ಚಡ್ಡಿ ಒದ್ದೆಯಾಯಿತು. ಇಡೀ ತರಗತಿ ನಕ್ಕಿತು.

ನಿವೃತ್ತಿಯ ನಂತರ ಈ ಎರಡು ಕ್ರಿಯಾಪದಗಳ ಚರಿತ್ರೆಯನ್ನು ಓದತೊಡಗಿದಾಗ ನನ್ನ ನಿಯಮದ ಬುಡವೇ ಅಲುಗಿತು.

ಸುಮಾರು 1,000 ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಮೇ’ ಪದದ ಮೂಲರೂಪ ‘ಮಗನ್’. ಬಲವುಳ್ಳವನಾಗಿರು, ಶಕ್ತನಾಗಿರು ಎಂಬುದೇ ಅದರ ಅರ್ಥ. ಬಲವನ್ನು ಸೂಚಿಸುವ ‘ಮೈಟ್’ ಎಂಬ ನಾಮಪದವೂ ಅದೇ ಬೇರಿನದು. ಜರ್ಮನ್ ಭಾಷೆಯಲ್ಲಿ ಅಧಿಕಾರ ಎಂಬರ್ಥದ ‘ಮಾಖ್ಟ್’ ಅದರ ಸೋದರ. ‘ಕ್ಯಾನ್’ ಪದದ ಮೂಲವಾದರೋ ‘ಕುನ್ನನ್’, ಅಂದರೆ ತಿಳಿದಿರು. ಸಂಸ್ಕೃತದ ‘ಜ್ಞಾ’ ಧಾತು ಇದರ ದೂರದ ಬಂಧು. ಇಂದು ಕುಯುಕ್ತಿ ಎಂಬರ್ಥ ಪಡೆದಿರುವ ‘ಕನ್ನಿಂಗ್’ ಪದಕ್ಕೆ ಮೊದಲಿದ್ದ ಅರ್ಥ ವಿದ್ಯೆ, ಜಾಣ್ಮೆ.

ತಿಳಿದವನು ಮಾಡಬಲ್ಲನಷ್ಟೆ? ಹಾಗೆ ‘ಕ್ಯಾನ್’ ತಿಳಿವಿನಿಂದ ಸಾಮರ್ಥ್ಯದ ಕಡೆಗೆ ಬಂದಿತು. ನಮ್ಮ ‘ಬಲ್ಲ’ ಕೂಡ ಹೀಗೆಯೇ ಅಲ್ಲವೆ? ‘ಬಲ್ಲವರು’ ಎಂದರೆ ತಿಳಿದವರು. ‘ಈಜಬಲ್ಲ’ ಎಂದರೆ ಈಜಲು ಶಕ್ತನಾದವನು. ‘ಕ್ಯಾನ್’ ಸಾಮರ್ಥ್ಯದ ಸ್ಥಾನವನ್ನು ಆಕ್ರಮಿಸಿದಂತೆ ‘ಮೇ’ ಅದನ್ನು ಬಿಟ್ಟುಕೊಟ್ಟು ಸಾಧ್ಯತೆಗೂ ಅನುಮತಿಗೂ ಸರಿಯಿತು. ಅಡ್ಡಿಯಿಲ್ಲದವನು ಮಾಡಲು ಶಕ್ತ, ಅಡ್ಡಿಪಡಿಸದಿರುವುದೇ ಅನುಮತಿ. 19ನೇ ಶತಮಾನದಲ್ಲಿ ‘ಕ್ಯಾನ್’ ಪದವೂ ಅದೇ ಹಾದಿ ಹಿಡಿದು, ಆಡುಮಾತಿನಲ್ಲಿ ಅನುಮತಿ ಕೇಳುವುದಕ್ಕೂ ಬಳಕೆಯಾಗತೊಡಗಿತ್ತು. ಹಿಂದೊಮ್ಮೆ ‘ಮೇ’ ನಡೆದ ದಾರಿಯಲ್ಲಿ ‘ಕ್ಯಾನ್’ ನಡೆದರೆ ಅದನ್ನು ಅಪರಾಧವೆಂದು ಎಣಿಸಿದವನು ನಾನು.

ಅದೇ ‘ಮಗನ್’ ಬೇರಿನ ಇನ್ನೊಂದು ಪದ ಫ್ರೆಂಚ್ ಮಾರ್ಗವಾಗಿ ಇಂಗ್ಲಿಷಿಗೆ ಬಂದಿದೆ: ‘ಡಿಸ್ಮೇ’. ಎದೆಗುಂದಿಸುವುದು ಎಂದು ಇಂದಿನ ಅರ್ಥ. ಮೂಲದಲ್ಲಿ, ಇದ್ದ ಬಲವನ್ನು ಕಸಿದುಕೊಳ್ಳುವುದು. ಆ ವಿವರಣೆಯನ್ನು ಓದಿದಾಗ ಕಣ್ಣ ಮುಂದೆ ಬಂದದ್ದು ತಲೆ ತಗ್ಗಿಸಿ ನಿಂತಿದ್ದ ಆ ಹುಡುಗನ ಮುಖ. ಮರುದಿನ ಅವನು ಶಾಲೆಗೆ ಬರಲಿಲ್ಲ. ಬಂದ ಮೇಲೂ ನಾನಿದ್ದ ಅವಧಿಯಲ್ಲಿ ಹೊರಗೆ ಹೋಗಲು ಕೇಳಲೇ ಇಲ್ಲ. ಅದನ್ನು ಶಿಸ್ತು ಎಂದು ಭಾವಿಸಿ ನಾನು ಸಂತೋಷಪಟ್ಟಿದ್ದೆ.

ಔಪಚಾರಿಕ ಬರಹದಲ್ಲಿ ‘ಮೇ’ ಇಂದಿಗೂ ಉಚಿತವೇ. ಮಕ್ಕಳಿಗೆ ಅದನ್ನು ಕಲಿಸಲೇಬೇಕು. ಆದರೆ ಪಾಠ ಹೇಳುತ್ತಿರುವ ಕಿರಿಯ ಮಿತ್ರರಲ್ಲಿ ಒಂದು ವಿನಂತಿ: ಮಗುವನ್ನು ಮೊದಲು ಹೊರಗೆ ಕಳುಹಿಸಿ. ತಿದ್ದುವುದು ಅದು ಹಿಂತಿರುಗಿ ಬಂದ ಮೇಲಾಗಲಿ.