ಡೇರೆಯೊಳಗಿನ ಸೊಳ್ಳೆ ಸಮರ

ಚಾರಣಕ್ಕೆ ಹೋದವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಸಂಜೆ ಡೇರೆ ಹಾಕಿ ಒಲೆ ಹೊತ್ತಿಸುವಷ್ಟರಲ್ಲಿ ಕಿವಿಯ ಬಳಿ ಸೊಳ್ಳೆಯ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಒಬ್ಬರು ಹಸಿ ಸೊಪ್ಪಿನ ಹೊಗೆ ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಚೀಲದಲ್ಲಿ ಮುಲಾಮು ಹುಡುಕುತ್ತಾರೆ. ಬಾಗಿಲಿನ ಜಾಲರಿ ಎಳೆದುಕೊಳ್ಳಬೇಕೆಂಬುದು ಎಲ್ಲರಿಗೂ ನೆನಪಾಗುವುದು ಕೊನೆಗೆ. ಆ ಜಾಲರಿ ಪ್ರಾಣ ಉಳಿಸಬಲ್ಲದು ಎಂಬುದು ರುಜುವಾತಾದದ್ದು 1900ರಲ್ಲಿ.

ಅಲ್ಲಿಯವರೆಗೆ ಸೊಳ್ಳೆ ಎಂದರೆ ನಿದ್ದೆಗೇಡಿ ಅಷ್ಟೆ. ಜ್ವರ ಬರುವುದು ಜೌಗು ನೆಲದ ಕೆಟ್ಟ ಗಾಳಿಯಿಂದ ಎಂದು ನಂಬಿದ್ದರು. ಇಟಲಿ ಮೂಲದ 'ಮಲೇರಿಯಾ' ಪದದ ಅರ್ಥವೂ ಅದೇ. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳನ್ನು ಕಂಡು ತೊಟ್ಟಿಯನ್ನೇ ಬೋರಲು ಹಾಕಿದರು. ಕಾಟ ತಗ್ಗಿತು. ಉಳಿದ ಕಡೆಗಳಲ್ಲೂ ಹೀಗೆ ಮಾಡೋಣವೆಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ಸೃಷ್ಟಿಯ ಕ್ರಮ ಕೆಡುತ್ತದೆ ಎಂಬುದು ಅವರ ತಕರಾರು! ಇದೇ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಪತ್ತೆ ಮಾಡಿದರು.

ಆದರೂ ಅನುಮಾನ ಹೋಗಲಿಲ್ಲ. 1900ರ ಬೇಸಿಗೆಯಲ್ಲಿ ಲೂಯಿ ಸ್ಯಾಂಬನ್ ಮತ್ತು ಜಾರ್ಜ್ ಲೋ ಎಂಬ ಇಬ್ಬರು ವೈದ್ಯರು ರೋಮ್ ಬಳಿಯ ಓಸ್ಟಿಯಾದ ಜೌಗಿನಲ್ಲಿ ಬಿಡಾರ ಹೂಡಿದರು. ಜ್ವರಕ್ಕೆ ಕುಖ್ಯಾತವಾದ ಜಾಗ ಅದು. ಅವರದು ಕಿಟಕಿ ಬಾಗಿಲುಗಳಿಗೆ ಜಾಲರಿ ಬಡಿದ ಮರದ ಗುಡಿಸಲು. ಹಗಲು ಎಲ್ಲೆಂದರಲ್ಲಿ ಓಡಾಡುತ್ತಿದ್ದರು. ಸೂರ್ಯ ಮುಳುಗುವ ಮುನ್ನ ಒಳಗೆ ಸೇರಿದರೆ ಬೆಳಗಾದ ಮೇಲೆಯೇ ಹೊರಗೆ. ಕ್ವಿನೈನ್ ಮುಟ್ಟಲಿಲ್ಲ. ಸುತ್ತಲಿನ ಜನ ಜ್ವರದಿಂದ ಮಲಗಿದರೂ ಗುಡಿಸಲಿನವರಿಗೆ ಏನೂ ಆಗಲಿಲ್ಲ. ಕೆಟ್ಟದ್ದೆನ್ನುವ ಗಾಳಿ ಜಾಲರಿಯೊಳಗೆ ಧಾರಾಳವಾಗಿ ನುಗ್ಗುತ್ತಿತ್ತು, ನುಗ್ಗದೇ ಉಳಿದದ್ದು ಸೊಳ್ಳೆ ಮಾತ್ರ. ವಾದ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ತಿಳಿದಿದ್ದನ್ನು ಸಾವಿರಾರು ಜನರಿಂದ ಪಾಲನೆ ಮಾಡಿಸುವುದು ಬೇರೆಯೇ ಕಷ್ಟ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಕಾದಾಡಿದ ಹದಿನಾಲ್ಕನೇ ಸೇನೆಯಲ್ಲಿ ಬಹುಪಾಲು ಭಾರತೀಯರಿದ್ದರು. 1943ರಲ್ಲಿ ಅದರ ಹೊಣೆ ಹೊತ್ತ ಜನರಲ್ ವಿಲಿಯಂ ಸ್ಲಿಮ್ ಕಂಡ ಲೆಕ್ಕ ಹೀಗಿತ್ತು: ಗಾಯಗೊಂಡ ಒಬ್ಬ ಸೈನಿಕನಿಗೆ ಕಾಯಿಲೆ ಬಿದ್ದು ಹಿಂದಕ್ಕೆ ಹೋಗುತ್ತಿದ್ದವರು 120. ಮಲೇರಿಯಾ ಒಂದೇ ವರ್ಷಕ್ಕೆ ಸೇನಾಬಲದ ಶೇ. 84ರಷ್ಟು.

ಸಂಜೆಯಾದ ಮೇಲೆ ತೋಳು ಮಡಚುವಂತಿಲ್ಲ, ಚಡ್ಡಿ ತೊಡುವಂತಿಲ್ಲ, ದಿನವೂ ಮೆಪಾಕ್ರಿನ್ ಮಾತ್ರೆ ನುಂಗಬೇಕು ಎಂದು ಆಜ್ಞೆಯಾಯಿತು. ಮಾತ್ರೆಯಿಂದ ಮೈ ಹಳದಿಯಾಗುತ್ತಿತ್ತು. ಗಂಡಸುತನ ಹೋಗುತ್ತದೆಂಬ ವದಂತಿ ಬೇರೆ. ಸೈನಿಕರು ಕದ್ದು ಉಗುಳುತ್ತಿದ್ದರು. ಸ್ಲಿಮ್ ದಿಢೀರ್ ತಪಾಸಣೆ ನಡೆಸಿ, ಮಾತ್ರೆ ನುಂಗಿದವರು ನೂರಕ್ಕೆ 95ಕ್ಕಿಂತ ಕಡಿಮೆಯಿದ್ದ ತುಕಡಿಗಳ ಮುಖ್ಯಸ್ಥರನ್ನೇ ಮನೆಗೆ ಕಳಿಸಿದರು. ಮೂವರ ಕೆಲಸ ಹೋಗುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. 1945ರ ಹೊತ್ತಿಗೆ ಕಾಯಿಲೆ ಬೀಳುವವರು ದಿನಕ್ಕೆ ಸಾವಿರಕ್ಕೆ ಒಬ್ಬರಂತೆ ಇಳಿದರು.

ಇಂದು ಅಂಗಡಿಯಲ್ಲಿ ಸಿಗುವ ಮುಲಾಮುಗಳಲ್ಲಿರುವ 'ಡೀಟ್' ಕೂಡ ಸೇನೆಯ ಕೂಸು. ಕಾಡಿನ ಕಾಳಗದ ಅನುಭವದಿಂದ ಪಾಠ ಕಲಿತ ಅಮೆರಿಕದ ಸೇನೆ ಅದನ್ನು 1946ರಲ್ಲಿ ರೂಪಿಸಿತು. ಜನಸಾಮಾನ್ಯರ ಕೈಗೆ ಬಂದದ್ದು 1957ರಲ್ಲಿ.

ಅದೇ 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಮಂಗನ ಕಾಯಿಲೆ ಬೆಳಕಿಗೆ ಬಂತು. ಅದನ್ನು ಹರಡುವ ಉಣುಗು ಕೀಟವೇ ಅಲ್ಲ, ಜೇಡನ ಬಂಧು. ಹಾರಿ ಬರುವುದಿಲ್ಲ, ತರಗೆಲೆಯಲ್ಲಿ ಕಾದಿದ್ದು ಕಾಲಿಗೆ ಹತ್ತಿಕೊಳ್ಳುತ್ತದೆ. ಹಾಗಾಗಿ ಡೇರೆಯ ಬಾಗಿಲ ಜಾಲರಿಯೊಂದನ್ನೇ ನಂಬಿದರೆ ಸಾಲದು, ನಮ್ಮದೇ ಬಟ್ಟೆಗೆ ಅಂಟಿಕೊಂಡು ಅದು ಒಳಗೆ ಬಂದುಬಿಡುತ್ತದೆ. ಮಲೆನಾಡಿನಲ್ಲಿ ಸೊಪ್ಪು ಸೌದೆಗೆ ಕಾಡಿಗೆ ಹೋಗುವವರಿಗೆ ಆರೋಗ್ಯ ಕಾರ್ಯಕರ್ತರು 'ಡೇಪಾ' ತೈಲ ಹಂಚಿದ್ದು ಇದಕ್ಕೇ. ಅದನ್ನು ಕೈಕಾಲಿಗೆ ಹಚ್ಚಿಕೊಂಡು ಹೋಗಬೇಕು, ಮರಳಿದ ಮೇಲೆ ಬಿಸಿನೀರು, ಸೋಪಿನಲ್ಲಿ ಮಿಂದು ಬಟ್ಟೆಯನ್ನೂ ಒಗೆಯಬೇಕು.