ಉಬುಂಟು ಉಂಟಾ?

ಹೆಚ್ಚುಕಡಿಮೆ ಇಪ್ಪತ್ತು ವರ್ಷಗಳ ಹಿಂದೆ ಎಂಜಿನಿಯರಿಂಗ್ ಹುಡುಗರ ವಿಳಾಸಕ್ಕೆ ಅಂಚೆಯಲ್ಲಿ ಒಂದು ಸಿ.ಡಿ. ಬರುತ್ತಿತ್ತು. ಕಂಪ್ಯೂಟರಿಗೆ ಹಾಕಿಕೊಳ್ಳುವ ಲಿನಕ್ಸ್. ಅದಕ್ಕೂ ದುಡ್ಡಿಲ್ಲ, ಅಂಚೆಗೂ ದುಡ್ಡಿಲ್ಲ. 2004ರಲ್ಲಿ ಅದನ್ನು ಶುರುಮಾಡಿದವರು ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್, ಹೆಸರು ಉಬುಂಟು. ಮೂರು ಜನ ತೋಳಿಗೆ ತೋಳು ಕೊಟ್ಟು ವೃತ್ತವಾಗಿ ನಿಂತದ್ದನ್ನು ಮೇಲಿಂದ ಕಂಡ ಹಾಗೆ ಅದರ ಗುರುತು. ಮಂಗಳೂರು, ಉಡುಪಿ ಕಡೆಯವರ ಬಾಯಿಗೆ ಈ ಹೆಸರು ಸಿಕ್ಕರೆ ಸುಮ್ಮನೆ ಬಿಡುವುದುಂಟೆ? "ಉಬುಂಟು ಉಂಟಾ?" "ಉಂಟು ಮಾರಾಯ, ಆದ್ರೆ ವೈಫೈ ಹಿಡಿಯುದಿಲ್ಲ."

ಆ ಪದ ಆಫ್ರಿಕಾದ ಆಚೆಗೆ ಮನೆಮಾತಾಗಲು ಮುಖ್ಯ ಕಾರಣ ಕಂಪ್ಯೂಟರಿನವರಲ್ಲ, ಒಬ್ಬ ಪಾದ್ರಿ. ಡೆಸ್ಮಂಡ್ ಟುಟು. 1931ರಲ್ಲಿ ದಕ್ಷಿಣ ಆಫ್ರಿಕಾದ ಕ್ಲರ್ಕ್ಸ್‌ಡಾರ್ಪ್ ಎಂಬ ಊರಿನಲ್ಲಿ ಹುಟ್ಟಿದವರು, 1984ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು, 1986ರಿಂದ ಹತ್ತು ವರ್ಷ ಕೇಪ್‌ಟೌನಿನ ಆರ್ಚ್‌ಬಿಷಪ್. ಅಪ್ಪ ಖೋಸಾ, ಅಮ್ಮ ತ್ಸ್ವಾನ. ಖೋಸಾ, ಜುಲು ಭಾಷೆಗಳಲ್ಲಿ 'ಉಬುಂಟು' ಎನ್ನುವುದನ್ನು ತ್ಸ್ವಾನದವರು 'ಬೊಥೊ' ಎನ್ನುತ್ತಾರೆ.

ಪದದ ಕಟ್ಟಡ ನಮಗೆ ಕಷ್ಟವಲ್ಲ. 'ಉಮುಂಟು' ಎಂದರೆ ಮನುಷ್ಯ. 'ಅಬಂಟು' ಎಂದರೆ ಮನುಷ್ಯರು. 'ಉಬುಂಟು' ಎಂದರೆ ಮನುಷ್ಯತನ. ನಾವು ಬಾಲ ಅಂಟಿಸುವ ಕಡೆ ಅವರು ತಲೆ ಬದಲಿಸುತ್ತಾರೆ, ಅಷ್ಟೆ. ಮನುಷ್ಯ ಮನುಷ್ಯನಾಗುವುದು ಮಿಕ್ಕ ಮನುಷ್ಯರಿಂದ ಎಂಬ ಅರ್ಥದ ಗಾದೆಯೂ ಅಲ್ಲಿದೆ. ಬಳಕೆಯಲ್ಲಿ ಮಾತ್ರ ನಮಗೂ ಅವರಿಗೂ ವ್ಯತ್ಯಾಸ. ಯಾರನ್ನಾದರೂ ಬಾಯ್ತುಂಬ ಹೊಗಳಬೇಕಾದರೆ 'ಆತನಿಗೆ ಉಬುಂಟು ಇದೆ' ಎನ್ನುವುದು ತಮ್ಮವರ ರೂಢಿ ಎಂದು ಟುಟು ವಿವರಿಸುತ್ತಿದ್ದರು. ನಾವು ಮನುಷ್ಯತ್ವವನ್ನು ಹೊರತೆಗೆಯುವುದು ಬೈಯುವಾಗ. ಬಸ್ಸಿನಲ್ಲಿ ಬಸುರಿ ಹೆಂಗಸು ಕಂಬಿ ಹಿಡಿದು ನಿಂತಿದ್ದರೂ ಕಿಟಕಿಯಾಚೆ ನೋಡುತ್ತ ಕೂತ ಗಂಡಸಿಗೆ ಕಂಡಕ್ಟರು, "ಏನ್ರೀ, ಮನುಷ್ಯತ್ವ ಬೇಡ್ವಾ?" ಎನ್ನುವಾಗ. ನಮ್ಮಲ್ಲಿ ಆ ಪದ ಇರುವುದು ಇಲ್ಲ ಎನ್ನಲಿಕ್ಕೆ.

ಅದೇ 'ನ್ಟು' ಬೇರಿನಿಂದ ಇನ್ನೊಂದು ಪದ ಬಂದಿದೆ: 'ಬಂಟು'. ಹತ್ತೊಂಬತ್ತನೆಯ ಶತಮಾನದಲ್ಲಿ ಭಾಷಾಪಂಡಿತ ವಿಲ್ಹೆಲ್ಮ್ ಬ್ಲೀಕ್ ಒಂದು ದೊಡ್ಡ ಭಾಷಾಕುಟುಂಬಕ್ಕೆ ಇಟ್ಟ ಹೆಸರದು. ವರ್ಣಭೇದದ ಸರ್ಕಾರ ಅದನ್ನು ಎತ್ತಿಕೊಂಡು ಕಪ್ಪು ಜನರಿಗೆಲ್ಲ ಸರ್ಕಾರಿ ಹಣೆಪಟ್ಟಿ ಮಾಡಿತು. ಬಂಟು ಆಡಳಿತ ಇಲಾಖೆ, ಬಂಟುಸ್ತಾನ, 1953ರ ಬಂಟು ಶಿಕ್ಷಣ ಕಾಯ್ದೆ. ಆಳುವವರಿಗೆ ಬೇಕಾದಷ್ಟು ದುಡಿಮೆ ಕಲಿತರೆ ಸಾಕು, ಅದಕ್ಕಿಂತ ಹೆಚ್ಚಿನ ಓದು ಕಪ್ಪು ಮಕ್ಕಳಿಗೇಕೆ ಎಂಬುದು ಆ ಕಾಯ್ದೆಯ ಒಳಮಾತು. 'ಮನುಷ್ಯರು' ಎಂಬ ಅರ್ಥದ ಪದವನ್ನು ಫಲಕಕ್ಕೆ ಬರೆಸಿ, ಅದರ ಕೆಳಗೆ ಕೂತವರನ್ನು ಮನುಷ್ಯರಂತೆ ಕಾಣದಿರುವ ಆಡಳಿತ. ಆಗ ಟುಟು ಹೈಸ್ಕೂಲ್ ಮೇಷ್ಟರು. ಆ ಶಿಕ್ಷಣ ಜಾರಿಯಾದಾಗ ಅವರೂ ಹೆಂಡತಿ ಲೇಯಾ ಅವರೂ ಕೆಲಸ ಬಿಟ್ಟರು. ಪಾದ್ರಿಯಾಗಬೇಕೆಂಬ ಘನವಾದ ಹಂಬಲವೇನೂ ಇರಲಿಲ್ಲ, ಆಗ ತೆರೆದಿದ್ದ ಬಾಗಿಲು ಅದೊಂದು ಎಂದು ಮುಂದೆ ಅವರೇ ನಗುತ್ತ ಹೇಳಿಕೊಂಡಿದ್ದಾರೆ. 1961ರಲ್ಲಿ ಪಾದ್ರಿ ದೀಕ್ಷೆ ಆಯಿತು. ಮೂರು ದಶಕದ ಮೇಲೆ ಅದೇ ಬೇರಿನ ಇನ್ನೊಂದು ಚಿಗುರನ್ನು ಹಿಡಿದು ಆತ ದೇಶದ ಮುಂದೆ ನಿಂತಾಗ, ಅಲ್ಲಿನವರ ಕಿವಿಗೆ ಎರಡೂ ಕೇಳಿಸಿರಬೇಕು ಎಂದು ನನ್ನ ಊಹೆ.

ಉಬುಂಟು ಎಂದರೆ ಎಲ್ಲರೂ ಕೈಕೈ ಹಿಡಿದು ಹಾಡುವುದು ಎಂದುಕೊಂಡವರು 1985ರ ಜುಲೈಯ ಡುಡುಜಾ ಎಂಬ ಕಪ್ಪು ಜನರ ವಸತಿಯನ್ನು ನೋಡಬೇಕು. ಶವಸಂಸ್ಕಾರ ಮುಗಿಯುತ್ತಿದ್ದಂತೆ ಜನ ಒಬ್ಬನನ್ನು ಹಿಡಿದರು. ಪೊಲೀಸರ ಮಾಹಿತಿದಾರ ಎಂಬ ಗುಮಾನಿ. ಹೊಡೆದು, ಸುಟ್ಟೇಬಿಡುತ್ತಾರೆ ಎನ್ನುವಾಗ ನಿಲುವಂಗಿಯಲ್ಲಿದ್ದ ಟುಟು, ಜೊತೆಗಿದ್ದ ಬಿಷಪ್ಪರೊಂದಿಗೆ ಗುಂಪಿನೊಳಗೆ ನುಗ್ಗಿ ಅವನನ್ನು ಬಿಡಿಸಿ ಕಾರಿಗೆ ಹತ್ತಿಸಿದರು. ಆ ಜನ ಅವರದೇ ಜನ, ಆ ಸಿಟ್ಟು ಅವರದೇ ಸಿಟ್ಟು. ಕೆಲವೇ ದಿನಗಳಲ್ಲಿ ಅದೇ ಡುಡುಜಾದಲ್ಲಿ ಅಂಥದೇ ಗುಮಾನಿಯ ಮೇಲೆ ಒಬ್ಬ ಹೆಣ್ಣುಮಗಳನ್ನು ಕೊಂದರು. ಇದು ಹೀಗೇ ಮುಂದುವರಿದರೆ ಗಂಟುಮೂಟೆ ಕಟ್ಟಿ ದೇಶ ಬಿಟ್ಟು ಹೋಗುತ್ತೇನೆ ಎಂದು ಟುಟು ಇನ್ನೊಂದು ಶವಸಂಸ್ಕಾರದಲ್ಲಿ ನೇರವಾಗಿ ಹೇಳಿದರು. ಚಪ್ಪಾಳೆ ಬೀಳುವ ಮಾತಲ್ಲ ಅದು.

ವರ್ಣಭೇದ ಕೊನೆಗೊಳ್ಳುವ ಹೊತ್ತಿಗೆ, 1993ರ ಮಧ್ಯಂತರ ಸಂವಿಧಾನದ ಕೊನೆಯಲ್ಲಿ ಉಬುಂಟು ಅಚ್ಚಾಗಿ ಕೂತಿತು: ಬಲಿಪಶು ಮಾಡುವುದು ಬೇಡ, ಉಬುಂಟು ಬೇಕು ಎಂಬರ್ಥದ ಮಾತಿನಲ್ಲಿ. ಎರಡು ವರ್ಷದ ಮೇಲೆ, 1995ರ ಜೂನ್‌ನಲ್ಲಿ, ಸಂವಿಧಾನ ನ್ಯಾಯಾಲಯದ 11 ನ್ಯಾಯಮೂರ್ತಿಗಳು ಒಮ್ಮತದಿಂದ ಮರಣದಂಡನೆಯನ್ನು ತೆಗೆದುಹಾಕಿದಾಗ ಹಲವರು ತೀರ್ಪಿನಲ್ಲಿ ಈ ಪದವನ್ನು ಚರ್ಚಿಸಿದರು. ವಿಚಿತ್ರವೆಂದರೆ 1996ರ ಅಂತಿಮ ಸಂವಿಧಾನದಲ್ಲಿ ಪದವಿಲ್ಲ. ಮೂಲದಲ್ಲಿ ಬಿಟ್ಟುಹೋದದ್ದು ತೀರ್ಪುಗಳಲ್ಲಿ ಉಳಿದುಕೊಂಡಿತು.

ಆ ಹೊತ್ತಿಗೆ ಟುಟು, ವರ್ಣಭೇದದ ಕಾಲದ ದೌರ್ಜನ್ಯಗಳನ್ನು ವಿಚಾರಿಸಲು ನೇಮಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾಗಿದ್ದರು. ಮೊದಲ ಬಹಿರಂಗ ವಿಚಾರಣೆ 1996ರ ಏಪ್ರಿಲ್‌ನಲ್ಲಿ, ದಕ್ಷಿಣ ಆಫ್ರಿಕಾದ ಈಸ್ಟ್ ಲಂಡನ್ ಪಟ್ಟಣದಲ್ಲಿ. ಗಾಲಿಕುರ್ಚಿಯಲ್ಲಿ ಕೂತ ಒಬ್ಬ ಮುದುಕ, ಹಿಂದೆ ರಾಬೆನ್ ದ್ವೀಪದ ಕೈದಿ, ತನಗೆ ಕೊಟ್ಟ ಚಿತ್ರಹಿಂಸೆಯನ್ನು ಹೇಳಹೊರಟು ಮಾತು ಬಾರದೆ ಮುಖ ಮುಚ್ಚಿಕೊಂಡರು. ಅಧ್ಯಕ್ಷರು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಆ ಚಿತ್ರ ಲೋಕವೆಲ್ಲ ಸುತ್ತಿತು. ಆಮೇಲೆ ಟುಟು ಮಾಡಿದ ತೀರ್ಮಾನ ನನಗೆ ಅಳುವಿಗಿಂತ ಹಿಡಿಸುತ್ತದೆ: ಇನ್ನು ಎಲ್ಲರೆದುರು ಅಳಬಾರದು. ನಾನು ಅತ್ತರೆ ಕ್ಯಾಮೆರಾ ನನ್ನ ಕಡೆ ತಿರುಗುತ್ತದೆ, ನೊಂದವರ ಮುಖ ಹಿಂದೆ ಸರಿಯುತ್ತದೆ ಎಂಬುದು ಅವರ ಲೆಕ್ಕ. ನಮ್ಮಲ್ಲಿ ಪ್ರವಾಹ ಸಂತ್ರಸ್ತರ ಹೆಗಲ ಮೇಲೆ ಕೈಯಿಟ್ಟು ಫೋಟೊಗೆ ನಿಲ್ಲುವವರಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

21,000ಕ್ಕೂ ಹೆಚ್ಚು ನೊಂದವರ ಹೇಳಿಕೆಗಳು ಬಂದವು. ಕ್ಷಮಾದಾನ ಕೋರಿ 7,000ಕ್ಕೂ ಹೆಚ್ಚು ಅರ್ಜಿಗಳು, ಬಹುಪಾಲು ತಿರಸ್ಕೃತವಾದವು. ಕಾಯ್ದೆ ಕೇಳಿದ್ದು ಎರಡು: ಕೃತ್ಯಕ್ಕೆ ರಾಜಕೀಯ ಉದ್ದೇಶ ಇರಬೇಕು, ನಡೆದದ್ದನ್ನೆಲ್ಲ ಬಿಚ್ಚಿ ಹೇಳಬೇಕು. ತಪ್ಪಾಯಿತು ಎನ್ನಲೇಬೇಕು ಎಂದು ಕೇಳಲಿಲ್ಲ. ಪಾದ್ರಿಯ ಆಯೋಗದಲ್ಲಿ ಪಶ್ಚಾತ್ತಾಪ ಕಡ್ಡಾಯವಲ್ಲ! ಕಾನೂನಿಗೆ ಹೆದರಿ ಹೇಳಿದ ತಪ್ಪೊಪ್ಪಿಗೆಗಿಂತ ಸತ್ಯವೇ ವಾಸಿ ಎನ್ನಬಹುದು. ಆದರೆ ಕ್ಷಮಾದಾನ ಸಿಕ್ಕವನ ಮೇಲೆ ಕ್ರಿಮಿನಲ್ ಮೊಕದ್ದಮೆಯೂ ಇಲ್ಲ, ಪರಿಹಾರ ಕೇಳಿ ಸಿವಿಲ್ ದಾವೆಯೂ ಇಲ್ಲ. ಪೊಲೀಸರ ವಶದಲ್ಲಿ ಸತ್ತ ಹೋರಾಟಗಾರ ಸ್ಟೀವ್ ಬಿಕೊ ಅವರ ಕುಟುಂಬದವರೂ ಸೇರಿ ಕೆಲವರು ಇದು ಅನ್ಯಾಯ ಎಂದು ನ್ಯಾಯಾಲಯಕ್ಕೆ ಹೋದರು, 1996ರಲ್ಲಿ ಸೋತರು. ಮಧ್ಯಂತರ ಸಂವಿಧಾನದ ಆ ಉಬುಂಟು ಇದ್ದ ಭಾಗವೇ ತೀರ್ಪಿಗೆ ಆಧಾರ.

ನನ್ನ ತಕರಾರು ಇರುವುದು ಇಲ್ಲಿ. ಕರುಣೆಯ ಪದಗಳು ಕಚೇರಿಯ ಕಾಗದಕ್ಕೆ ಇಳಿದಾಗ ಹಕ್ಕನ್ನು ಮೆತ್ತಗೆ ಬದಿಗೆ ಸರಿಸುತ್ತವೆ. 'ಮಾನವೀಯ ನೆಲೆಯಲ್ಲಿ ಪರಿಹಾರ' ಎಂದು ನಮ್ಮ ಕಡತಗಳು ಬರೆದರೆ, ಇದು ನಿನಗೆ ಸಲ್ಲಬೇಕಾದದ್ದಲ್ಲ, ನಾವು ಕೊಡುತ್ತಿರುವುದು ಎಂದೇ ಅರ್ಥ. 'ಅನುಕಂಪದ ನೌಕರಿ' ಎನ್ನುವಾಗಲೂ ಅಷ್ಟೆ. ಸತ್ತ ನೌಕರನ ಮಗಳು ಇಡೀ ಸೇವಾವಧಿ ಆ ಅನುಕಂಪವನ್ನು ಹೊತ್ತುಕೊಂಡೇ ಓಡಾಡಬೇಕು. ದಕ್ಷಿಣ ಆಫ್ರಿಕಾದಲ್ಲೂ ಇದೇ ಆಯಿತು. ನೊಂದವರಿಗೆ ಆರು ವರ್ಷ ಪ್ರತಿವರ್ಷ ಹಣ ಕೊಡಿ ಎಂದು ಆಯೋಗ ಶಿಫಾರಸು ಮಾಡಿತ್ತು. ಸರ್ಕಾರ 2003ರಲ್ಲಿ ಒಂದೇ ಸಲ 30,000 ರ್‍ಯಾಂಡ್ ಎಂದು ಘೋಷಿಸಿ ಕೈತೊಳೆದುಕೊಂಡಿತು. ಟುಟು ಇದಕ್ಕೆ ಸಿಡುಕಿದರು. 2011ರಲ್ಲಿ, ವರ್ಣಭೇದದ ಲಾಭ ಉಂಡ ಬಿಳಿಯರ ಮೇಲೆ ಸಂಪತ್ತು ತೆರಿಗೆ ಹಾಕಿ ಎಂದೂ ಹೇಳಿ ಬೈಸಿಕೊಂಡರು. ಅವರ ಉಬುಂಟುವಿಗೆ ತೆರಿಗೆಯ ಮುಖವೂ ಇತ್ತೆಂಬುದನ್ನು ಅವರ ಅಭಿಮಾನಿಗಳು ಅಷ್ಟಾಗಿ ನೆನೆಯುವುದಿಲ್ಲ.

ಹೊರಗೆ ಪದ ಹಗುರಾಗುತ್ತ ಹೋಯಿತು. ಮ್ಯಾನೇಜ್‌ಮೆಂಟ್ ಪುಸ್ತಕಗಳಿಗೆ ಹತ್ತಿತು. ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಗುಂಪುಗೂಡಿ 'ಉಬುಂಟು' ಎಂದು ಕೂಗಿ ಅಂಗಳಕ್ಕಿಳಿಯುತ್ತಿತ್ತು. 2008ರ ಜೂನ್‌ನಲ್ಲಿ ಚಾಂಪಿಯನ್ ಕೂಡ ಆಯಿತು. ಅದಕ್ಕೆ ಒಂದು ತಿಂಗಳ ಹಿಂದೆ ಜೋಹಾನ್ಸ್‌ಬರ್ಗ್ ಪಕ್ಕದ ಅಲೆಕ್ಸಾಂಡ್ರಾದಲ್ಲಿ ಜನ ಜಿಂಬಾಬ್ವೆ, ಮೊಜಾಂಬಿಕ್‌ಗಳಿಂದ ಹೊಟ್ಟೆಪಾಡಿಗೆ ಬಂದವರ ಗುಡಿಸಲುಗಳ ಮೇಲೆ ಬಿದ್ದಿದ್ದರು. ಗಲಭೆ ದೇಶದ ತುಂಬ ಹಬ್ಬಿ 60ಕ್ಕೂ ಹೆಚ್ಚು ಜನ ಸತ್ತರು. ಕೊಂದವರ ಮನೆಮಾತಿನಲ್ಲೂ ಆ ಪದ ಇತ್ತು. ಸತ್ತವರಲ್ಲಿದ್ದ ಜಿಂಬಾಬ್ವೆಯವರ ಶೋನಾ ಭಾಷೆಯಲ್ಲೂ ಅದಕ್ಕೆ 'ಹುನ್ಹು' ಎಂಬ ರೂಪವಿದೆ.

ಟುಟು 2021ರ ಡಿಸೆಂಬರ್ 26ರಂದು ತೀರಿಕೊಂಡರು. ಸತ್ಯ ಹೇಳಲು ಬಾರದವರ, ಕ್ಷಮಾದಾನ ಸಿಗದವರ ಸುಮಾರು 300 ಪ್ರಕರಣಗಳನ್ನು ಅವರ ಆಯೋಗ ಪ್ರಾಸಿಕ್ಯೂಷನ್ ಇಲಾಖೆಗೆ ಒಪ್ಪಿಸಿತ್ತು. ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಬೆರಳೆಣಿಕೆಯಷ್ಟು. ಈಸ್ಟ್ ಲಂಡನ್ನಿನ ಆ ಮೊದಲ ವಿಚಾರಣೆಯಲ್ಲಿ, 1985ರಲ್ಲಿ ಕೊಲೆಯಾದ ಕ್ರಾಡಕ್‌ನ ನಾಲ್ವರು ಹೋರಾಟಗಾರರ ವಿಧವೆಯರೂ ಹೇಳಿಕೆ ಕೊಟ್ಟಿದ್ದರು. 2025ರಲ್ಲಿ ಅವರ ಕುಟುಂಬಗಳು ಇತರ ಕುಟುಂಬಗಳ ಜೊತೆ ಸೇರಿ ಸರ್ಕಾರದ ಮೇಲೆಯೇ ದಾವೆ ಹೂಡಿದವು. ಮೊಕದ್ದಮೆಗಳನ್ನು ತಡೆದವರು ಯಾರು ಎಂದು ಪತ್ತೆಹಚ್ಚಲು ದೇಶದ ಅಧ್ಯಕ್ಷ ರಾಮಫೋಸಾ ಅದೇ ವರ್ಷ ಇನ್ನೊಂದು ಆಯೋಗ ನೇಮಿಸಿದರು. ಅದರ ಮುಖ್ಯಸ್ಥೆ ಸಿಸಿ ಖಾಂಪೆಪೆ, ಹಿಂದೆ ಟುಟು ಆಯೋಗದ ಕ್ಷಮಾದಾನ ಸಮಿತಿಯಲ್ಲಿ ಕೂತಿದ್ದವರು.