ಪಾಡು

‘ಕೆಡು’ವಿನಿಂದ ಕೇಡು ಆದಂತೆ ‘ಪಡು’ವಿನಿಂದ ಪಾಡು. ಪಟ್ಟದ್ದೇ ಪಾಡು.

ಧಾರವಾಡ ಸೀಮೆಯ ನವಲಗುಂದದ ಎರೆಹೊಲದ ಬದುವಿನಲ್ಲಿ ನಿಂತವರು ‘ಮಳಿ ಕೈಕೊಟ್ರ ನಮ್ಮ ಪಾಡೇನ್ರೀ?’ ಎಂದರೆ ಅದು ಬವಣೆ. ಅದೇ ಮನೆಯ ಅಜ್ಜಿ ಮೊಮ್ಮಗನ ಹಣೆ ಮುಟ್ಟಿ, ‘ನಿನ್ನೀಗಿಂತ ಇವತ್ತ ಪಾಡ ಐತಿ’ ಎಂದರೆ ಅದು ಲೇಸು.

ಶಿಲುಬೆಗೇರುವ ಮುನ್ನ ಮತ್ತು ಏರಿದ ಮೇಲೆ ಯೇಸು ಉಂಡ ಯಾತನೆಯನ್ನು ಕನ್ನಡದ ಕ್ಯಾಥೊಲಿಕರು ‘ಪಾಡುಗಳು’ ಎನ್ನುತ್ತಾರೆ. ಇದಕ್ಕಿರುವ ಲ್ಯಾಟಿನ್ ಪದ ‘ಪಾಸಿಯೊ’ ಕೂಡ ‘ಅನುಭವಿಸು, ತಾಳು’ ಎಂಬ ಕ್ರಿಯಾಪದದಿಂದಲೇ ಹುಟ್ಟಿದ್ದು. ನಂಟಿಲ್ಲದ ಎರಡು ನುಡಿಗಳು ಒಂದೇ ಹಾದಿ ತುಳಿದಿವೆ.

ಒಂದು ವ್ಯತ್ಯಾಸವುಂಟು. ರೈತನ ಪಾಡು ತಾನಾಗಿ ಮೇಲೆ ಬಿದ್ದದ್ದು. ಕ್ರೈಸ್ತ ನಂಬಿಕೆಯಲ್ಲಿ ಯೇಸುವಿನ ಪಾಡು ಪರರ ಪಾಪಕ್ಕಾಗಿ ಒಪ್ಪಿ ಹೊತ್ತದ್ದು. ಅದಕ್ಕೇ ಅದು ಬಲಿ.

 

ಯೇಸು ಸತ್ತ ದಿನಕ್ಕೆ ಶುಭ ಶುಕ್ರವಾರ ಎಂಬ ಹೆಸರು. ಸಾವಿನ ದಿನ ಶುಭ ಹೇಗಾದೀತು ಎಂದು ಬೇರೆ ಕಡೆ ಬಿಡಿಸಿ ಹೇಳಬೇಕು. ಧಾರವಾಡದ ಹಳ್ಳಿಗಳಲ್ಲಿ ನೋವಿಗೂ ಪಾಡು, ಲೇಸಿಗೂ ಪಾಡ.